ಅರುಂಧತಿ ತೋರಿಸಿದ ಯಹೂದಿ ಓಣಿ

ಊರೊಂದು ಅರುಂಧತಿಯವರಿಗೆ ಒಲಿಯುವುದು ಕಾಲಿನ ಮೂಲಕವೇ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ಆಕ್ಲೆಂಡಿನ ಆಸ್ಪತ್ರೆಯೊಂದಕ್ಕೆ ಬಂದ ಅವರಿಗೆ, ಪಾಳಿ ಮುಗಿದ ಮೇಲೆ ಬಸ್ಸು ಹತ್ತದೆ ನಡೆದೇ ಮನೆ ಸೇರುವ ರೂಢಿ. ಹಾಗೆ ನಡೆಯುತ್ತಲೇ ಪ್ರಿನ್ಸೆಸ್ ಸ್ಟ್ರೀಟಿನ ಮೂಲೆಯಲ್ಲಿ ಒಂದು ಕಾಲಕ್ಕೆ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಆಗಿದ್ದ ಕಟ್ಟಡವನ್ನು ಕಂಡರು. ಅದರ ಕಥೆ ಹುಡುಕಿ ಹೊರಟು, ರೂತ್ ಸ್ಯಾಮುಯೆಲ್ ಎಂಬ ಯಹೂದಿ ವೃದ್ಧೆ ಹಳೆಯ ಜಾಗಗಳನ್ನು ತೋರಿಸುತ್ತಾ ನಡೆಸುತ್ತಿದ್ದ ಪಾರಂಪರಿಕ ನಡಿಗೆಗೆ ಸೇರಿದರು. ಯಹೂದಿಗಳಿಗೆಂದೇ ಗೆರೆ ಕೊರೆದ ಕೇರಿ ಈ ನಗರದಲ್ಲಿರಲಿಲ್ಲ. ಆದರೂ ಆ ಕಟ್ಟಡದಿಂದ ಸಿಮಂಡ್ಸ್ ಸ್ಟ್ರೀಟಿನ ಹಳೆಯ ಸ್ಮಶಾನದವರೆಗಿನ ಹಾದಿಗೆ ಅರುಂಧತಿ 'ಯಹೂದಿ ಓಣಿ' ಎಂದೇ ಹೆಸರಿಟ್ಟರು.

ವರ್ಷಗಳು ಕಳೆದು ರೂತ್ ಅವರ ಮಂಡಿ ಕೈಕೊಟ್ಟಿತು. "ನಿನ್ನ ಭಾಷೆಯವರನ್ನು ಒಮ್ಮೆ ಕರೆದುಕೊಂಡು ಹೋಗು. ನಾನು ಹಿಂದೆ ಬಂದು ನೋಡುತ್ತೇನೆ. ನನ್ನ ಮನಸ್ಸಿಗೆ ಬಂದರೆ ನಡಿಗೆ ನಿನ್ನದು, ಇಲ್ಲವಾದರೆ ನನ್ನೊಂದಿಗೇ ಮುಗಿಯಲಿ," ಎಂದರು. ಅರುಂಧತಿಗೆ ಆ ನಡಿಗೆ ಬೇಕೇ ಬೇಕಿತ್ತು.

ಭಾನುವಾರ ಕನ್ನಡಿಗರ ಚಿಕ್ಕ ಗುಂಪು ಕೂಡಿತು. ಅದರಲ್ಲಿ ಮಗಳ ಮನೆಗೆ ಬಂದಿದ್ದ ಮೈಸೂರಿನ ಪದ್ಮಾವತಮ್ಮ ಇದ್ದರು, ಬಾಯಿ ಸುಮ್ಮನಿರದ ಇಂಜಿನಿಯರ್ ರಾಘವ್ ಇದ್ದ. ಅರುಂಧತಿ ಬೀದಿ ಬೀದಿಗೂ ನಿಂತು, ಅಂಗಡಿ ಇಟ್ಟು ಬದುಕಿದ ಮೊದಲ ಕುಟುಂಬಗಳ ಕಥೆ ಹೇಳಿದರು. ರೂತ್ ಕೋಲೂರಿ ಹಿಂಬಾಲಿಸಿದರು.

ಸ್ಮಶಾನದಲ್ಲಿ ಯಹೂದಿಗಳ ಭಾಗಕ್ಕೆ ಬಂದಾಗ ಅರುಂಧತಿ ಹೇಳಿದರು: "ಇಲ್ಲಿ ಮಂದಿ ಹೂವು ತರಂಗಿಲ್ರೀ. ಸಮಾಧಿಗೆ ಕಲ್ಲು ಹಾಕ್ತಾರ."

"ಅಯ್ಯೋ ಶಿವನೇ! ಸತ್ತೋರ ಮೇಲೂ ಸೇಡಾ?" ಎಂದರು ಪದ್ಮಾವತಮ್ಮ.

ಅಷ್ಟರಲ್ಲಿ ರಾಘವ್ ಇನ್ನೇನೋ ಕೇಳಿದ. ಗುಂಪು ಮುಂದೆ ಸರಿಯಿತು. ಅರುಂಧತಿ ಹಿಂತಿರುಗಿ ನೋಡಿದರೆ, ಪದ್ಮಾವತಮ್ಮ ಒಂದು ಸಮಾಧಿಯ ಮೇಲಿನ ಬೆಣಚುಕಲ್ಲುಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು, ಅಂಗೈಯಿಂದ ಧೂಳು ಒರೆಸುತ್ತಿದ್ದರು. ಅದು ರೂತ್ ಅವರ ಮುತ್ತಜ್ಜಿಯ ಸಮಾಧಿ. ರೂತ್ ನಿಂತಲ್ಲೇ ನಿಂತರು.

"ಆಂಟಿ, ಏನ್ ಮಾಡಾಕತ್ತೀರಿ?"

"ಪಾಪಿಗಳು ಕಲ್ಲು ಹಾಕ್ತಾರೆ ಅಂತ ನೀನೇ ಅಂದ್ಯಲ್ಲಮ್ಮ. ಅನ್ನಕ್ಕೆ ಕಲ್ಲು ಹಾಕೋರನ್ನ ನೋಡಿದ್ದೆ, ಗೋರಿಗೂ ಹಾಕೋದನ್ನ ಇಲ್ಲೇ ನೋಡಿದ್ದು!"

ರಾಘವ್ ಕಿಸಕ್ಕನೆ ನಕ್ಕ. ಅರುಂಧತಿ ನಗಲಿಲ್ಲ, ಗಾಬರಿಯಾಗಲೂ ಇಲ್ಲ. ಎಡವಟ್ಟು ಒಂದೇ ಒಂದು ಕ್ರಿಯಾಪದದಲ್ಲಿದೆ ಎಂದು ಅವರಿಗೆ ಹೊಳೆದುಹೋಗಿತ್ತು.

"ತಪ್ಪು ನಂದರೀ. ಹಾಕ್ತಾರ ಅಲ್ಲ, ಇಡ್ತಾರ. ದೇವರ ಮುಂದ ದೀಪ ಇಡ್ತೀವಲ್ಲ, ಹಂಗ. 'ಬಂದಿದ್ದೆ, ನಿನ್ನ ಮರತಿಲ್ಲ' ಅನ್ನೋ ಕಲ್ಲು ಅದು."

ಪದ್ಮಾವತಮ್ಮನ ಮುಖ ಸಣ್ಣಗಾಯಿತು. "ಎಷ್ಟು ಜನರ ನೆನಪು ಗುಡಿಸಿಬಿಟ್ಟೆನಲ್ಲೇ!"

ಅರುಂಧತಿ ರೂತ್ ಅವರ ಬಳಿ ಹೋಗಿ, ಒಂದನ್ನೂ ಮುಚ್ಚಿಡದೆ, 'ಹಾಕು' ಮತ್ತು 'ಇಡು' ಎಂಬ ಎರಡು ಮಾತುಗಳ ನಡುವಿನ ಅಂತರವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ರೂತ್ ಗಂಭೀರವಾಗಿಯೇ ಕೇಳಿದರು. ಆಮೇಲೆ ನಗುವಿಗೆ ಅವರ ಭುಜ ಕುಲುಕತೊಡಗಿತು.

"ಹಾಗಾದರೆ ಈಕೆ ನನ್ನ ಮುತ್ತಜ್ಜಿಯನ್ನು ಕಾಪಾಡುತ್ತಿದ್ದಳು!"

ಪದ್ಮಾವತಮ್ಮ ಬಲಗೈಯಿಂದ ಒಂದೊಂದೇ ಕಲ್ಲನ್ನು ಮರಳಿ ಇಟ್ಟರು. ರೂತ್ ದಾರಿಯಂಚಿನಿಂದ ಮತ್ತೊಂದನ್ನು ಹೆಕ್ಕಿ, "ಇದು ನಿಮ್ಮದು," ಎನ್ನುವಂತೆ ಅವರ ಅಂಗೈಗಿತ್ತರು. ಅದನ್ನೂ ಇಟ್ಟಾಯಿತು.

ಗೇಟಿನ ಬಳಿ ರೂತ್ ಹೇಳಿದರು: "ಮುಂದಿನ ತಿಂಗಳಿಂದ ನೀನೇ ನಡೆಸು."

"ನಡೆಸುತ್ತೇನೆ. ಆದರೆ ಇಂಗ್ಲಿಷಿನ ಜೊತೆಗೆ ಕನ್ನಡದ ನಡಿಗೆಯೂ ಇರಬೇಕು," ಎಂದರು ಅರುಂಧತಿ, ಬೇಡಿಕೆಯಂತಲ್ಲ, ಷರತ್ತಿನಂತೆ.

"ಅದಕ್ಕೆ ಯಾರು ಬರುತ್ತಾರೆ?"

ರಾಘವನಿಂದ ಪ್ರಶ್ನೆಯ ಅರ್ಥ ಕೇಳಿ ತಿಳಿದ ಪದ್ಮಾವತಮ್ಮ ತಡಮಾಡಲಿಲ್ಲ. "ನಾನು ಬರ್ತೀನಿ ಅನ್ನಪ್ಪ. ಮುಂದಿನ ಸಲ ಕೈಕಟ್ಕೊಂಡೇ ಬರ್ತೀನಿ ಅಂತಾನೂ ಹೇಳು."