ನಮ್ಮಣ್ಣನ ಹಾಜರಾತಿ

ನಮ್ಮಣ್ಣನಿಗೆ ಬಾಯಿ ಇದೆ ಅಂತ ನಮ್ಮ ಕಾಲೇಜಿನ ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ. ಅಲ್ಲಿ ಯಾವಾಗಲೂ ಸೀಟಿ ಇರುತ್ತಿತ್ತು. ಅವನು ದೈಹಿಕ ಶಿಕ್ಷಣದ ಮೇಷ್ಟ್ರು, ಹುಡುಗಿಯರ ವಾಲಿಬಾಲ್ ತಂಡದ ತರಬೇತುದಾರ. ನಾನು ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು. ಮನೆಯಲ್ಲೂ ಅಷ್ಟೇ: ಕಾಫಿ ತಡವಾದರೆ ಒಂದು ಊದು, ಅಳಿಯ ಸೋಫಾ ಮೇಲೆ ಕಾಲಿಟ್ಟರೆ ಎರಡು. ತಾಳಲಾರದೆ ಒಂದು ದಿನ ಅತ್ತಿಗೆ ಸೀಟಿಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟರು. ಅವನು ಎರಡು ಬೆರಳು ಬಾಯಿಗಿಟ್ಟು ಊದಿದ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಾಗೆ.

ಇಷ್ಟು ವರ್ಷ ಊದಿದರೂ ಅವನ ತಂಡ ಒಂದೇ ಒಂದು ಕಪ್ ಗೆದ್ದಿರಲಿಲ್ಲ. ನಿವೃತ್ತಿ ಹತ್ತಿರ ಬಂತು ಅನ್ನುವಾಗ ಏಣಿ ಸಿಕ್ಕಳು. ಏಣಿ ಅಂದರೆ ಹುಡುಗಿಯೇ. ಅವಳ ಎತ್ತರಕ್ಕೆ ಇಡೀ ಕಾಲೇಜು ಇಟ್ಟ ಹೆಸರದು. ಪಂದ್ಯಾವಳಿಗೆ ದೊಡ್ಡ ತಂಡದ ಆಯ್ಕೆದಾರರು ಬರುತ್ತಾರೆ. ಅವರ ಕಣ್ಣಿಗೆ ಬಿದ್ದರೆ ಆಟವೇ ಬದುಕು. ಇಲ್ಲದಿದ್ದರೆ ಅವಳಪ್ಪನ ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ. ಅವಳಿಗದು ಕೊನೆಯ ವರ್ಷ. ಈ ಸಲ ತಪ್ಪಿದರೆ ಮತ್ತೆ ಇಲ್ಲ.

ಪಾಠಕ್ಕೆ ಬಾರದವರಿಗೆ ಆಟವಿಲ್ಲ ಅನ್ನುವುದು ಕಾಲೇಜಿನ ನಿಯಮ. ನಮ್ಮಣ್ಣನಿಗೆ ಹಾಜರಾತಿಯೂ ಬೇಕು, ಹಗಲೆಲ್ಲ ಅಭ್ಯಾಸವೂ ಬೇಕು. ವಾಲಿಬಾಲ್‌ನಲ್ಲಿ ಆಟಗಾರರು ಸರದಿಯಂತೆ ಒಂದೊಂದು ಜಾಗ ಸರಿಯುತ್ತಾರಲ್ಲ, ಪುಣ್ಯಾತ್ಮ ಅದನ್ನೇ ನನ್ನ ತರಗತಿಯ ಹಿಂದಿನ ಬೆಂಚಿಗೆ ತಂದ. ಮೈದಾನದಲ್ಲಿ ಸೀಟಿ ಆದರೆ ಕಿಟಕಿ ಪಕ್ಕದವಳು ಹೊರಗೆ ಹಾರಬೇಕು, ಉಳಿದವರು ಕಿಟಕಿ ಕಡೆ ಸರಿಯಬೇಕು, ಹೊರಗಿನವಳೊಬ್ಬಳು ಒಳಗೆ ನುಸುಳಿ ಬೆಂಚಿನ ಆ ತುದಿಗೆ ಕೂರಬೇಕು. ಹಾಜರಿ ಕೂಗಿದಾಗ ಒಳಗಿದ್ದವರು ದನಿ ಬದಲಾಯಿಸಿ ಹೊರಗಿದ್ದವರ ಪರವಾಗಿ "ಎಸ್ ಮೇಡಂ" ಅನ್ನಬೇಕು. ನನ್ನದು ಕಿಕ್ಕಿರಿದ ತರಗತಿ, ನಾನೋ ಬೋರ್ಡಿಗೆ ಮುಖ ಮಾಡಿ ಬೆಲೆಯ ರೇಖೆ ಎಳೆಯುವವಳು. ನನಗೆಲ್ಲಿ ಗೊತ್ತಾಗಬೇಕು?

ಏಣಿ ಮಾತ್ರ ಹಾರಲಿಲ್ಲ. ಮೊದಲ ಸಲವೇ ಕಿಟಕಿಯಲ್ಲಿ ಸಿಕ್ಕಿಹಾಕಿಕೊಂಡು, ಗೆಳತಿಯರು ಎಳೆದು ಬಿಡಿಸಿದ ಮೇಲೆ, "ಹೋಗ್ರೇ, ನಾನು ಸಂಜೆ ಆಡ್ಕೋತೀನಿ" ಅಂತ ಮುಂದಿನ ಬೆಂಚಿಗೆ ಬಂದು ಕೂತಳಂತೆ. ಕೂತು ಕೂತು ಪಾಠದ ರುಚಿಯೂ ಹತ್ತಿತ್ತು.

ಒಂದು ದಿನ ನನ್ನ ಪಾಠ ನೋಡಲು ಪ್ರಿನ್ಸಿಪಾಲರು ಬಂದರು. ಬಂದವರು ಹಿಂದಿನ ಬೆಂಚಿನ ತುದಿಯಲ್ಲೇ ಕೂತು, ತಲೆ ಬಗ್ಗಿಸಿ ನನ್ನ ತಪ್ಪುಗಳನ್ನು ಬರೆದುಕೊಳ್ಳತೊಡಗಿದರು. ಹೊರಗೆ ಸೀಟಿ ಆಯಿತು. ಅಭ್ಯಾಸಬಲ ನೋಡಿ, ಕಿಟಕಿಯವಳು ಹಾರಿಯೇ ಬಿಟ್ಟಳು. ಪ್ರಿನ್ಸಿಪಾಲರ ಪಕ್ಕದವಳು ಮೆಲ್ಲಗೆ "ಸ್ವಲ್ಪ ಈ ಕಡೆ ಸರೀರಿ ಸಾರ್" ಅಂದಳು. ಪಾಪ, ಮರ್ಯಾದಸ್ಥರು, ತಲೆ ಎತ್ತದೆ ಸರಿದರು. ಇನ್ನೊಂದು ಸೀಟಿ, ಇನ್ನೊಂದು ಜಾಗ. ಹೀಗೆ ಸರಿದು ಸರಿದು ಕಿಟಕಿ ಪಕ್ಕಕ್ಕೆ ಬಂದರು. ಮತ್ತೆ ಸೀಟಿ ಆಯಿತು, ಯಾರೂ ಹಾರಲಿಲ್ಲ.

"ಲೇ ಕಿಟಕಿಯವಳೇ, ನಿದ್ದೆ ಹೊಡೀತಿದೀಯೇನೇ? ಹಾರೇ!" ಅಂತ ನಮ್ಮಣ್ಣ ಗುಡುಗಿದ.

ಪ್ರಿನ್ಸಿಪಾಲರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ಆಮೇಲೆ ಅವರ ಕೋಣೆಯಲ್ಲಿ ವಿಚಾರಣೆ. "ಈ ಉಪಾಯ ಯಾರ ತಲೆಯದು?" ಅಂದರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಮ್ಮಣ್ಣ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟ.

"ನಿಯಮ ಸ್ಪಷ್ಟವಾಗಿದೆ. ಒಂದು ವರ್ಷ ತಂಡ ಆಡೋ ಹಾಗಿಲ್ಲ" ಅಂದರು ಪ್ರಿನ್ಸಿಪಾಲರು.

ನನಗೆ ಮೈಯೆಲ್ಲ ಉರಿಯಿತು. "ಏಣಿ ಏನ್ ಮಾಡಿದ್ಲು ಸಾರ್? ಒಂದು ಪಾಠ ತಪ್ಪಿಸಿಲ್ಲ ಆ ಹುಡುಗಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ?"

"ಹಾಗಂತ ಸುಮ್ನೆ ಬಿಡ್ಲಾ ಮೇಡಂ? ನಾಳೆ ಇಡೀ ಕಾಲೇಜು ಕಿಟಕಿ ಹಾರುತ್ತೆ." ಅದೂ ನಿಜವೇ. ಅವರು ನಮ್ಮಣ್ಣನ ಕಡೆ ತಿರುಗಿದರು. "ಹುಡುಗೀರೇ ಸೇರ್ಕೊಂಡು ಮಾಡಿದ್ದು ಅಂತ ಹೇಳಿಬಿಡಿ, ನಿಮ್ಮ ತನಕ ಬರಲ್ಲ. ನಿವೃತ್ತಿ ಹೊತ್ತಲ್ಲಿ ನಿಮಗ್ಯಾಕೆ ಕೆಟ್ಟ ಹೆಸರು?"

ಅಣ್ಣ ಬಾಗಿಲ ಕಡೆ ತಿರುಗಿದ. ಇವನೆಲ್ಲಿ ಹೂಂ ಅಂದುಬಿಡುತ್ತಾನೋ ಅಂತ ನನಗೆ ಹೆದರಿಕೆಯಾಯಿತು. ಬಾಗಿಲಾಚೆ ಏಣಿ ನಿಂತಿದ್ದಳು. ಅವನು ಸೀಟಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟ.

"ಊದಿದ್ದು ನಾನು ಸಾರ್. ನಾನು ಊದಿದ್ದಕ್ಕೆ ಅವ್ರು ಹಾರಿದ್ದು. ತಪ್ಪಿಸಿದ ಪಾಠಾನೆಲ್ಲ ಕೂತು ಕೇಳ್ಲಿ, ಆಮೇಲೆ ಆಡ್ಲಿ. ಏಣೀನ ಮುಟ್ಬೇಡಿ. ನನ್ನನ್ನ ಈ ವರ್ಷ ಮೈದಾನಕ್ಕೇ ಬಿಡ್ಬೇಡಿ."

ಪ್ರಿನ್ಸಿಪಾಲರು ಸೀಟಿಯನ್ನು ತಮ್ಮ ಕಡೆ ಎಳೆದುಕೊಂಡರು. "ಆಗ್ಲಿ. ಆದ್ರೆ ಅಷ್ಟೇ ಸಾಲ್ದು. ಅವರೆಲ್ಲ ತಪ್ಪಿಸಿದ ಪಾಠ ಒಟ್ಟು ಎಷ್ಟಾಗುತ್ತೋ ಅಷ್ಟೂ ನೀವು ಕೂರ್ಬೇಕು. ಮೇಡಂ ಮುಂದೆ."

ನಮ್ಮಣ್ಣನ ಮುಖ ಬಿಳಿಚಿಕೊಂಡಿತು. "ಇವಳ ಪಾಠಾನಾ? ಸಾರ್, ಕೆಲಸದಿಂದಲೇ ತೆಗೆದುಬಿಡಿ!"

ಮಾಡಿದ್ದುಣ್ಣೋ ಮಹಾರಾಯ! ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ಓಡುತ್ತಿದ್ದವನು ಈಗ ಮಂಡಿ ಮಡಿಸಲಾಗದ ಬೆಂಚಿನಲ್ಲಿ ಕೂತು ನನಗೆ "ಮೇಡಂ" ಅನ್ನಬೇಕಾಯಿತು. ತೂಕಡಿಸಿದರೆ ಸೀಮೆಸುಣ್ಣ ಎಸೆಯುತ್ತಿದ್ದೆ. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು. ಹುಡುಗಿಯರು ತಮ್ಮ ತಮ್ಮ ಬಾಕಿ ಪಾಠ ಮುಗಿಸಿ ಅಂಕಣಕ್ಕೆ ಇಳಿದರು. ಎಲ್ಲರದನ್ನೂ ಹೊತ್ತವನು ಇವನೊಬ್ಬ ಉಳಿದ.

ಫೈನಲ್ ಪಂದ್ಯ ಬೇರೆ ಊರಿನಲ್ಲಿ, ಶನಿವಾರ. ತಂಡ ಸಹಾಯಕ ತರಬೇತುದಾರಳ ಜೊತೆ ಬಸ್ಸು ಹತ್ತಿತು. ಖಾಲಿ ತರಗತಿಯಲ್ಲಿ ನಾನು, ಅಣ್ಣ.

"ಈಗ ಸ್ಕೋರ್ ಎಷ್ಟಾಗಿರಬಹುದೇ?"

"ಪಾಠದ ಬಗ್ಗೆ ಕೇಳು."

"ಬೇಡಿಕೆ ಜಾಸ್ತಿ ಆದ್ರೆ ಬೆಲೆ ಏರುತ್ತೆ. ಗೊತ್ತಾಯ್ತು. ಈಗ ಎಷ್ಟಾಗಿರಬಹುದು?"

ನನ್ನ ಫೋನು ಬಡಿದುಕೊಂಡಿತು. ಏಣಿ. ಅಣ್ಣನ ಮುಂದೆ ಹಿಡಿದೆ.

"ಸೋತ್ವಿ ಸಾರ್" ಅಂತ ಗೊಳೋ ಅಂದಳು. "ಆದ್ರೆ ಆಯ್ಕೆಯವರು ನನ್ನನ್ನ ತಗೊಂಡ್ರು."

ಅಣ್ಣ, "ಸರಿ, ಪಾಠ ನಡೀತಿದೆ, ಫೋನಿಡು" ಅಂದ. ಕರವಸ್ತ್ರಕ್ಕೆ ತಡಕಾಡಿದ, ಸಿಗಲಿಲ್ಲ, ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡ. ನನಗೂ ತಡೆಯಲಾಗಲಿಲ್ಲ.

"ಅಣ್ಣಾ, ಸಾಕು ಏಳು. ಬಸ್ ಸ್ಟ್ಯಾಂಡಿಗೆ ಹೋಗಿ ಮಕ್ಕಳನ್ನ ಕರ್ಕೊಂಡ್ ಬಾ. ಹಾಜರಿ ನಾನು ಹಾಕ್ಕೋತೀನಿ."

ಅವನು ಕೆಂಪಗಾದ ಕಣ್ಣಿಂದ ನನ್ನನ್ನು ದುರುಗುಟ್ಟಿ ನೋಡಿದ.

"ಸುಳ್ಳು ಹಾಜರಿ ಹಾಕ್ತೀಯಾ? ಮೇಡಂ ಆಗಿ ನಾಚಿಕೆ ಆಗಲ್ವೇನೇ ನಿಂಗೆ? ಮುಂದೆ ಹೇಳು."