ಮಗು ಮೀಸುವ ಅಜ್ಜಿ ಮತ್ತು ನನ್ನ ಸಂಶಯ

ಯಾರನ್ನೂ ಪೂರ್ತಿ ನಂಬಿ ನನಗೆ ಅಭ್ಯಾಸವಿಲ್ಲ. ಮೀನು ಮಾರುವವಳ ಮಗಳು ನಾನು. ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಕೊಂಡವಳಲ್ಲ.

ಶಿರಾಲಿಯ ನಮ್ಮ ಮನೆಗೆ ಮಗುವನ್ನು ಮೀಸಲು ಒಬ್ಬ ಅಜ್ಜಿ ಬರುತ್ತಿದ್ದರು. ನಾಲ್ಕು ತಿಂಗಳ ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಹಬೆಯಾಡುವ ನೀರು ಹೊಯ್ಯುತ್ತಿದ್ದರು. ಮಗಳಿಗೆ ಜ್ವರ ಬಂತು, ಮೀಸುವುದನ್ನು ನಿಲ್ಲಿಸಿದೆವು. ಭಟ್ಕಳದಿಂದ ತಂದ ಸಿರಪ್ಪಿಗೂ ಜ್ವರ ಜಗ್ಗಲಿಲ್ಲ. ನಾಲ್ಕನೇ ದಿನ ಕಣ್ಣು, ತುಟಿ ಕೆಂಪೇರಿದಾಗ ನನ್ನ ಸಂಶಯ ನೇರ ಆ ಬಿಸಿನೀರಿನ ಮೇಲೆ ಹೋಯಿತು.

ಅವತ್ತು ಅಜ್ಜಿ ಮಗುವನ್ನು ನೋಡಲು ಬಂದರು. ಮಗುವಿನ ಎಡತೋಳು ತಿರುಗಿಸಿ, "ತಂಗಿ, ಇಲ್ನೋಡು. ಹುಟ್ಟಿದಾಗ ಹಾಕಿದ ಸೂಜಿ ಕಲೆ ಎಂತಕ್ಕೆ ಹೀಂಗೆ ಕೆಂಪಾಯ್ದು? ನಾ ಮೀಸುವಾಗ ಇರ್ಲಿಲ್ಲ. ಡಾಕ್ಟರಿಗೆ ತೋರ್ಸು," ಅಂದರು.

ತಮ್ಮ ತಪ್ಪನ್ನು ಸೂಜಿಯ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. "ನೀವು ಹೊಯ್ದ ನೀರಿಗೇ ಹೀಂಗಾದದ್ದು. ಇನ್ನು ಬರೂದು ಬೇಡ," ಅಂದುಬಿಟ್ಟೆ. ಅಜ್ಜಿ ಮರುಮಾತಾಡದೆ ಹೊರಟರು. ಅದೂ ನನಗೆ ತಪ್ಪು ಒಪ್ಪಿಕೊಂಡಂತೆ ಕಂಡಿತು.

ಎರಡು ದಿನ ಕಳೆದು ಹೊನ್ನಾವರದ ಮಕ್ಕಳ ಡಾಕ್ಟರ ಬಳಿ ಓಡಿದೆ. ಅಂಗಿ ಬಿಚ್ಚಿಸಿದವರು ಆ ಕಲೆಯನ್ನೇ ಬಗ್ಗಿ ನೋಡಿದರು. ಸೂಜಿ ಕಲೆ ಹೀಗೆ ಕೆಂಪಾಗುವುದು ರಕ್ತನಾಳಗಳ ಉರಿಯೂತದ ಗುರುತಿರಬಹುದು, ಇಷ್ಟು ಸಣ್ಣ ಮಕ್ಕಳಲ್ಲಿ ಎಲ್ಲ ಲಕ್ಷಣವೂ ಕಾಣುವುದಿಲ್ಲ, ತಡವಾದರೆ ಹೃದಯದ ನಾಳಕ್ಕೇ ಅಪಾಯ ಅಂದರು. ಅವರು ಮಂಗಳೂರಿಗೆ ಕಳಿಸಿದರು. ಸ್ಕ್ಯಾನಿನಲ್ಲಿ ಒಂದು ನಾಳ ಆಗಲೇ ತುಸು ಹಿಗ್ಗಿತ್ತು. ಇಮ್ಯುನೊಗ್ಲಾಬ್ಯುಲಿನ್ ಎಂಬ ಔಷಧವನ್ನು ಗಂಟೆಗಟ್ಟಲೆ ಹನಿಹನಿಯಾಗಿ ಏರಿಸಿದರು, ಆಸ್ಪಿರಿನ್ ಶುರುಮಾಡಿದರು. ಮಾರನೇ ದಿನ ಜ್ವರ ಇಳಿಯಿತು. ಕೆಲವು ತಿಂಗಳಲ್ಲಿ ನಾಳವೂ ಸರಿಯಾಯಿತು. ಆ ಎರಡು ದಿನ ಮೊದಲೇ ಹೋಗಿದ್ದರೆ ಅದು ಹಿಗ್ಗುತ್ತಲೇ ಇರಲಿಲ್ಲವೇನೋ. ಡಾಕ್ಟರು ಹಾಗೆ ಹೇಳಲಾಗದು ಅನ್ನುತ್ತಾರೆ. ನನಗೆ ನಂಬಿಕೆ ಬರುವುದಿಲ್ಲ.

ಮಗಳನ್ನು ಎತ್ತಿಕೊಂಡು ಅಜ್ಜಿಯ ಮನೆಗೆ ಹೋದೆ. ಅವರು ಯಾರ ಮನೆಗೂ ಮೀಸಲು ಹೋಗುವುದನ್ನೇ ಬಿಟ್ಟಿದ್ದರು.

"ನೀರು ಮುಟ್ಟಿದ್ರೆ ಕೈ ನಡುಗ್ತದೆ ತಂಗಿ. ಅವತ್ತು ಭಾಳ ಬಿಸಿ ಇತ್ತನೆ?"

"ನೀರಿಂದ ಆದದ್ದಲ್ಲ ಅಜ್ಜಿ. ಅದು ಬೇರೆ ಕಾಯಿಲೆ. ಗುರುತು ತೋರ್ಸಿದ್ದೇ ನೀವು," ಅಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದರು.

"ನನ್ನ ಸಮಾಧಾನಕ್ಕೆ ಹೇಳ್ತೆ ನೀನು," ಅಂದರು.