ಮೇಷ್ಟ್ರ ಮುಂದಿನ ಎರಡು ಹಲ್ಲು

ನಮ್ಮ ಮೇಷ್ಟ್ರಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಅವರು ‘ಸ’ ಅಂದರೆ ಆ ಸಂದಿಯಿಂದ ಗಾಳಿ ಸುಯ್ಯೆಂದು ನುಗ್ಗುತ್ತಿತ್ತು. ಪಾಠದಲ್ಲಿ ‘ಸಸ್ಯಾಹಾರಿ’ ಎಂಬ ಮಾತು ಬಂದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತ ನಮ್ಮ ಮೇಲೆ ತುಂತುರು ಗ್ಯಾರಂಟಿ. ಆ ಹಲ್ಲು ಹೋದದ್ದು ಹೇಗೆ ಅಂತ ಕೇಳಿದವರಿಗೆಲ್ಲ ಒಂದೊಂದು ಕಥೆ ಹೇಳುತ್ತಿದ್ದರು. ಹೆಡ್‌ಮಾಸ್ತರಿಗೆ ಸೈಕಲ್ಲಿಂದ ಬಿದ್ದೆ ಅಂದಿದ್ದರು. ಹೋಟೆಲಿನವನಿಗೆ ಕಬ್ಬು ಸಿಗಿಯುವಾಗ ಮುರಿದವು ಅಂದಿದ್ದರು. ಕ್ಲಾಸಿನಲ್ಲಿ ನಮಗೆ ಮಾತ್ರ, "ನಾನು ಕರಡಿ ಸಂಬಂಧ ಕಣ್ರೋ, ನಮ್ಮ ಮನೆತನದಾಗೆ ಹುಟ್ಟುತ್ಲೇ ಇರಲ್ಲ" ಅನ್ನುತ್ತಿದ್ದರು.

ಊರಿನವರು ಈ ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದು ಹಲ್ಲಿನ ವಿಷಯಕ್ಕೆ ಇಷ್ಟು ಸುಳ್ಳು ಹೇಳುವ ಮನುಷ್ಯ ಇನ್ಯಾವುದಕ್ಕೆ ಸುಳ್ಳು ಹೇಳಲಿಕ್ಕಿಲ್ಲ? ಯಾರೋ ಹಿಡಿದು ಬಡಿದಿರಬೇಕು ಅಂದರು ಕೆಲವರು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಅಂದರು ಉಳಿದವರು.

ಚಳ್ಳಕೆರೆ ಕಡೆಯ ನನ್ನಿವಾಳದಿಂದ ಒಳಕ್ಕೆ ಇರುವ ನಮ್ಮೂರಿನ ಶಾಲೆಗೆ ಅವರು ಮೊಳಕಾಲ್ಮೂರು ಕಡೆಯಿಂದ ಬಂದದ್ದು ತೊಂಬತ್ತರ ದಶಕದಲ್ಲಿ. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ನಾನಾಗ ಆರನೇ ಕ್ಲಾಸು. ಅದಕ್ಕೆ ಮುಂಚಿನ ಮೇಷ್ಟ್ರುಗಳೆಲ್ಲ ಚಳ್ಳಕೆರೆಯಿಂದ ಬಸ್ಸು ಸಿಕ್ಕರೆ ಬರುತ್ತಿದ್ದರು, ಸಿಗದಿದ್ದರೆ ಇಲ್ಲ. ಇವರೊಬ್ಬರೇ ಊರಲ್ಲಿ ಉಳಿಯುತ್ತೇನೆ ಅಂದವರು. ಬಾಡಿಗೆಗೆ ಕೊಡುವಂಥ ಕೋಣೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದಕ್ಕೂ ನಮ್ಮ ದೇವರ ಮನೆಗೂ ನಡುವೆ ಒಂದೇ ಗೋಡೆ.

ಅವರ ಪಾಠ ಪುಸ್ತಕದಿಂದ ಶುರುವಾಗುತ್ತಿರಲಿಲ್ಲ. ಮೊದಲ ವಾರವೇ ಒಂದು ಮೇಕೆಯನ್ನು ಕ್ಲಾಸಿಗೆ ಎಳೆದು ತಂದು, "ಇದರ ಮೇಲಿನ ಮುಂದಿನ ಹಲ್ಲು ಎಣಿಸ್ರಿ" ಅಂದರು. ಹುಟ್ಟಿದಾಗಿಂದ ಮೇಕೆ ಮೇಯಿಸಿದ ಹುಡುಗರೂ ಆರು, ಎಂಟು ಅಂತ ಬಾಯಿಗೆ ಬಂದದ್ದು ಹೇಳಿದರು. ಬಾಯಿ ತೆರೆದು ನೋಡಿದರೆ ಮೇಲೆ ಒಂದೂ ಇಲ್ಲ, ಬರೀ ಗಟ್ಟಿ ಒಸಡು! ನಾವು ಹೋ ಅಂದೆವು. ಹುಲ್ಲು ಕೀಳುವುದಕ್ಕೆ ಕೆಳಗಿನ ಹಲ್ಲು, ಮೇಲಿನ ಒಸಡು ಸಾಕು, ಅರೆಯುವುದಕ್ಕೆ ಹಿಂದೆ ಬೀಸೋ ಕಲ್ಲಿನಂಥ ದವಡೆ ಹಲ್ಲು ಇದೆ ಅಂತ ಬೆರಳಿಟ್ಟು ತೋರಿಸಿದರು. ಆಮೇಲೆ ಟ್ರ್ಯಾಕ್ಟರಿನಲ್ಲಿ ಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ಮೇಯುತ್ತಿದ್ದ ಕೃಷ್ಣಮೃಗಗಳನ್ನು ತೋರಿಸಿ, "ಅದರ ಬಾಯಾಗೇನೈತೆ, ಹೇಳ್ರಿ ನೋಡಾಣ" ಅಂದರು. ಮೇಲೆ ಹಲ್ಲಿಲ್ಲ, ಬರೀ ಒಸಡು ಅಂತ ಹತ್ತಿರ ಹೋಗದೆ ಹೇಳಿದೆವು. ಅವತ್ತು ನನಗಾದ ಖುಷಿ ಈಗಲೂ ನೆನಪಿದೆ.

"ಕಣ್ಣು ಪಕ್ಕಕ್ಕಿದ್ರೆ ಓಡೋದು, ಮುಂದಕ್ಕಿದ್ರೆ ಹಿಡಿಯೋದು" ಅನ್ನುತ್ತಿದ್ದರು. ಜಿಂಕೆ, ಮೊಲ ಓಡುವವು. ತೋಳ, ಬೆಕ್ಕು ಹಿಡಿಯುವವು. ನಾನು ಎದ್ದು ನಿಂತು, "ನಮ್ಮ ಕಣ್ಣು ಮುಂದಕ್ಕೆ ಅದಾವಲ್ಲ ಸಾ?" ಅಂದೆ.

"ಹೂಂನಮ್ಮಾ, ಎಲ್ಲರದ್ದೂ ಮುಂದಕ್ಕೇ ಅದಾವೆ. ಅದಕ್ಕೇ ಒಬ್ಬರ ಮೇಲೊಬ್ಬರು ಹುಷಾರಾಗಿರ್ರಿ."

ಹುಷಾರಿಗೆ ಅವರಲ್ಲಿ ಕೊರತೆ ಇರಲಿಲ್ಲ. ಹಾಲು ತಂದರೆ ಬೆರಳಿಗೆ ಬಿಟ್ಟುಕೊಂಡು ನೋಡುತ್ತಿದ್ದರು. ಜ್ವರ ಅಂತ ರಜೆ ಕೇಳಿದರೆ ನಾಲಿಗೆ ಚಾಚಿಸುತ್ತಿದ್ದರು. ಆದರೆ ನಾವು ಅವಸರದಲ್ಲಿ ಇದು ಹೀಗೇ ಅಂದುಬಿಟ್ಟರೆ ಸಿಟ್ಟು ಬರುತ್ತಿತ್ತು. "ಅನುಮಾನ ಎಷ್ಟು ಬೇಕಾದ್ರೂ ಪಡ್ರಿ, ತೀರ್ಮಾನ ಮಾತ್ರ ನೋಡಿ ಮಾಡ್ರಿ" ಅನ್ನುವುದು ಅವರ ದಿನದ ಮಾತು. ಜಟಿಂಗ ರಾಮೇಶ್ವರದ ಬೆಟ್ಟದ ಕಡೆ ಕುರಿಗಾಹಿಗಳಿಗೆ ಸಿಕ್ಕಿದ್ದ ಕರಡಿಯ ತಲೆಬುರುಡೆಯೊಂದು ಅವರ ಹತ್ತಿರ ಇತ್ತು. ಕರಡಿಗೂ ಮೇಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರಸೊರ ಎಳೆದುಕೊಳ್ಳುತ್ತದೆ. ಅದನ್ನು ತೋರಿಸಲು ಅವರೇ ತಟ್ಟೆಯಿಂದ ಮಂಡಕ್ಕಿ ಎಳೆದುಕೊಂಡು ತಿಂದರು. ನಾವು ಬಿದ್ದು ಬಿದ್ದು ನಕ್ಕೆವು. ಕೊನೆಗೆ ಬುರುಡೆ ಎತ್ತಿ ಹಿಡಿದು, "ನನ್ನ ಹಲ್ಲು ನಿಜವಾಗ್ಲೂ ಹೆಂಗೆ ಹೋದ್ವು ಅಂತ ಯಾರು ನೋಡಿ ಹೇಳ್ತಾರೋ, ಅವರಿಗೆ ಇದು ಬಹುಮಾನ" ಅಂದರು.

ನಮ್ಮಜ್ಜಿಗೆ ಬುರುಡೆಯ ಸುದ್ದಿ ಅದೇ ಸಂಜೆ ಮುಟ್ಟಿತು. ಅಪ್ಪ ಶೇಂಗಾ ವ್ಯಾಪಾರಕ್ಕೆ ಚಳ್ಳಕೆರೆ ಸುತ್ತುವವನು. ಮನೆಯ ಯಜಮಾನಿಕೆ ಅಜ್ಜಿಯದೇ. ಹಣೆ ತುಂಬ ವಿಭೂತಿ, ಮಡಿ, ಪೂಜೆ. ಮೊಟ್ಟೆ ಎಂಬ ಮಾತನ್ನೂ ಹೊಸಿಲೊಳಗೆ ಆಡುವಂತಿರಲಿಲ್ಲ. ಅಂಥ ಮನೆಯ ಕೋಣೆಯಲ್ಲಿ ಮೂಳೆ! ಅವತ್ತಿನಿಂದ ಅಜ್ಜಿ ಅವರ ಬಾಗಿಲ ಮುಂದೆ ಹಾಯುವಾಗಲೆಲ್ಲ ಮೂಗು ಎತ್ತಿಕೊಂಡು ಹೋಗುತ್ತಿದ್ದಳು. ನನ್ನ ಕೈಯಲ್ಲಿ ಮೇಷ್ಟ್ರಿಗೆ ಸಾರು ಕಳಿಸುತ್ತಿದ್ದಳು, ಜೊತೆಗೆ ಒಂದು ಅಪ್ಪಣೆ: "ಕೊಟ್ಟು ಬಾ. ಹಂಗೇ ಒಲೆ ಕಡೆ ವಾಸನೆ ನೋಡ್ಕಂಡು ಬಾ."

ಅದು ಶ್ರಾವಣ ಸೋಮವಾರ. ಬೆಳಗ್ಗೆ ಅಜ್ಜಿ ಸ್ನಾನ ಮುಗಿಸಿ ಬರುತ್ತಾಳೆ, ದೇವರ ಮನೆಯ ಹೊಸಿಲಿಗೆ ಅಡ್ಡವಾಗಿ ಒಂದು ಮೂಳೆ ಬಿದ್ದಿದೆ! ಮೇಷ್ಟ್ರ ಕೋಣೆಯ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ನಾಯಿ ಎಳೆದು ತಂದಿತ್ತು. ಅಜ್ಜಿ ಇಟ್ಟ ಕೂಗಿಗೆ ಓಣಿಯೇ ನಮ್ಮ ಅಂಗಳದಲ್ಲಿ ನೆರೆಯಿತು. ಮೇಷ್ಟ್ರು ಹಲ್ಲುಪುಡಿ ಮೆತ್ತಿದ ಬಾಯಲ್ಲೇ ಓಡಿ ಬಂದರು.

"ಹಳೇ ಮೂಳೆ ಅಮ್ಮಾ. ಕಾವಲಿನಾಗೆ ಹೋದ ತಿಂಗಳು ಸಿಕ್ಕಿದ್ದು."

"ಸಿಕ್ಕಿದ್ದೋ, ತಿಂದು ಉಳಿಸಿದ್ದೋ? ಹಲ್ಲಿನ ಗುರುತು ಕಣ್ಣಿಗೆ ರಾಚ್ತೈತೆ!" ಅಂದಳು ಅಜ್ಜಿ. ನಿಜ, ಮೂಳೆಯ ತುಂಬ ಕೆರೆದ ಗುರುತು. "ಈಗ ತಿಳೀತು ನೋಡ್ರಪ್ಪಾ, ಇವರ ಮುಂದಿನ ಹಲ್ಲು ಎಲ್ಲಿಗೆ ಹೋದ್ವು ಅಂತ. ಮೂಳೆ ಕಡ್ದೂ ಕಡ್ದೂ ಮುರ್ಕಂಡಾರೆ!"

ಅಂಗಳದಲ್ಲಿ ಎಲ್ಲರೂ ಹೌದೌದು ಅಂದರು. ಅಷ್ಟು ದಿನದ ಮೂರು ಕಥೆಗೂ ಒಂದೇ ಉತ್ತರ ಸಿಕ್ಕಿದ ಸಮಾಧಾನ ಅವರ ಮುಖದ ಮೇಲಿತ್ತು. ಅಜ್ಜಿ ವಿಭೂತಿ ಗಟ್ಟಿ ತಂದು ಮುಂದೆ ಹಿಡಿದಳು.

"ಮಾಂಸ ತಿನ್ನಲ್ಲ ಅಂತ ಇದನ್ನ ಮುಟ್ಟಿ ಆಣೆ ಮಾಡ್ರಿ. ಇಲ್ಲಾಂದ್ರೆ ಇವತ್ತೇ ಟ್ರಂಕು ಕಟ್ರಿ."

ಆ ಕೋಣೆ ಹೋದರೆ ಅವರು ಊರು ಬಿಡಬೇಕು. ಅವರು ಹೋದರೆ ಮತ್ತೆ ನಾವು ಮಧ್ಯಾಹ್ನದ ಬಸ್ಸಿಗೆ ಬರುವ ಮೇಷ್ಟ್ರನ್ನು ಕಾಯುತ್ತ ಕೂರಬೇಕು. ಆಣೆ ಮಾಡಿಬಿಡಿ ಸಾ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಮೇಷ್ಟ್ರು ಕೈ ಮುಂದೆ ಮಾಡಲಿಲ್ಲ.

"ಆಣೆ ಬೇಡಮ್ಮಾ. ಆಣೆಯಿಟ್ಟೋರನ್ನೆಲ್ಲ ನಂಬ್ತಾ ಹೋದ್ರೆ ಹೆಂಗೆ? ನಿಮ್ಮ ಅನುಮಾನ ಈ ಮೂಳೆ ಮೇಲಲ್ಲವಾ? ಮೂಳೆ ಐತೆ, ನನ್ನ ಬಾಯಿ ಐತೆ." ನನ್ನ ಕಡೆ ತಿರುಗಿ, ಅರ್ಧ ತೆಲುಗಿನಲ್ಲಿ, "ನೀನು ಚೂಡಮ್ಮಾ, ನೋಡಿ ಹೇಳು. ನನ್ನ ಪರ ಹೇಳಬೇಡ" ಅಂದರು. ಕಟ್ಟೆಯ ಮೇಲೆ ಕೂತು ಬಾಯಿ ತೆರೆದರು.

ಅಜ್ಜಿ ಬೇಡ ಅನ್ನುವುದರೊಳಗೆ ನಾನು ಮೂಳೆಯನ್ನು ಕೈಗೆ ತೆಗೆದುಕೊಂಡಿದ್ದೆ. ಮೂಳೆ ಬೂದು ಬಣ್ಣಕ್ಕೆ ತಿರುಗಿತ್ತು, ಹಳೆಯದು. ಆದರೆ ಗುರುತುಗಳು ಬಿಳಿ, ಹೊಸವು. ಬಡಗಿಯ ಉಳಿ ಎಳೆದ ಹಾಗೆ ಅಗಲವಾಗಿ, ಒಂದರ ಪಕ್ಕ ಒಂದು ಜೋಡಿ ಜೋಡಿಯಾಗಿ ಇದ್ದವು. ನಾಯಿ, ತೋಳ ಮೂಳೆ ಕಡಿಯುವುದು ದವಡೆ ಹಲ್ಲಿನಿಂದ. ಆಗ ಗುಂಡಿ ಬೀಳುತ್ತದೆ, ಗೀರು ಬೀಳುವುದಿಲ್ಲ. ಇದು ಮುಂದಿನ ಹಲ್ಲಿನ ಕೆಲಸ. ಮೇಷ್ಟ್ರ ಬಾಯಿ ನೋಡಿದೆ.

"ಅಜ್ಜೀ!" ಅಂತ ಕಿರುಚಿಕೊಂಡೆ. "ಇದು ಮುಂದಿನ ಹಲ್ಲಿನ ಗುರುತು. ಮೇಷ್ಟ್ರಿಗೆ ಮುಂದಿನ ಹಲ್ಲೇ ಇಲ್ಲ!"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಅಜ್ಜಿ ಸೋಲುವವಳಲ್ಲ. "ಹಲ್ಲು ಇದ್ದಾಗ ತಿಂದಿದ್ರೋ?"

"ಗುರುತು ಹೊಸದೈತಲ್ಲವ್ವಾ. ಇವರು ಊರಿಗೆ ಬಂದಾಗ್ಲೇ ಹಲ್ಲಿರಲಿಲ್ಲ" ಅಂದ ಅಪ್ಪ.

"ಹಂಗಾದ್ರೆ ಕಡಿದಿದ್ದು ಯಾರು?"

"ಮುಳ್ಳುಹಂದಿ ಅಮ್ಮಾ" ಅಂದರು ಮೇಷ್ಟ್ರು. "ಗೆಡ್ಡೆ ಗೆಣಸು ತಿನ್ನೋ ಪ್ರಾಣಿ. ಮುಂದಿನ ಹಲ್ಲು ಬೆಳೀತಾನೇ ಇರ್ತಾವೆ, ಸವೆಸಬೇಕಲ್ಲ, ಮೂಳೆ ಕೆರೀತೈತೆ."

"ಸೊಪ್ಪು ತಿನ್ನೋದು ಮೂಳೆ ಕಡೀತೈತಾ? ಅದಕ್ಕೇನು ಬಂತು ದೊಡ್ಡರೋಗ!"

"ಅದಕ್ಕೇ ಎರಡು ನೋಡಬೇಕು. ಹಲ್ಲಿನ ಆಕಾರ ನೋಡಿದ್ರೆ ಅದರ ಅಪ್ಪ ಅಜ್ಜ ಏನು ತಿಂತಿದ್ರು ಅಂತ ತಿಳೀತೈತೆ. ಸವೆದಿದ್ದು ನೋಡಿದ್ರೆ ಅದು ಏನು ಮಾಡ್ಕಂಡು ಬದುಕ್ತು ಅಂತ ತಿಳೀತೈತೆ."

ಅಜ್ಜಿಗೆ ಇದು ನಾಟಿತು. ತನ್ನ ಶುದ್ಧತೆಯನ್ನು ಹತ್ತು ಜನರ ಮುಂದೆ ಸಾರಿಸಿಕೊಳ್ಳುವ ಆಸೆಯೂ ಹುಟ್ಟಿರಬೇಕು. "ಎಲ್ಲಿ, ನನ್ನದು ನೋಡಿ ಹೇಳ್ರಿ ಹಂಗಾದ್ರೆ" ಅಂತ ಬಾಯಿ ಅಗಲಿಸಿದಳು. ಮೇಷ್ಟ್ರು ಬಗ್ಗಿದರು, ಪಕ್ಕದಿಂದ ನಾನೂ ಬಗ್ಗಿದೆ. ಎಡಗಡೆ ದವಡೆ ಪೂರಾ ಕರ್ರಗೆ! ಹೊಗೆಸೊಪ್ಪು ಬಿಟ್ಟೆ ಅಂತ ಹಿಂದಿನ ಶಿವರಾತ್ರಿಯಲ್ಲಿ ಇದೇ ವಿಭೂತಿ ಮುಟ್ಟಿ ಅಪ್ಪನಿಗೆ ಆಣೆ ಮಾಡಿದ್ದಳು ನಮ್ಮಜ್ಜಿ. ಮೇಷ್ಟ್ರು ನನ್ನ ಕಾಲನ್ನು ಮೆಲ್ಲಗೆ ತುಳಿದರು.

"ಶುದ್ಧ ಸಸ್ಯಾಹಾರಿ ಹಲ್ಲು" ಅಂದರು ಗಟ್ಟಿಯಾಗಿ. "ಎಲ್ಲ ಥರದ ಸೊಪ್ಪೂ ತಿಂದಿರೋ ಹಲ್ಲು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಜ್ಜಿ ಟಪ್ಪನೆ ಬಾಯಿ ಮುಚ್ಚಿ ಸೆರಗು ಅಡ್ಡ ಹಿಡಿದಳು. ಅಪ್ಪನ ಕಡೆ ಒಮ್ಮೆ ನೋಡಿದಳು. ಅವನಿಗೆ ಏನೂ ಗೊತ್ತಾಗಿರಲಿಲ್ಲ. "ಸಾಕು, ಪೂಜೆಗೆ ಹೊತ್ತಾತು. ಮೇಷ್ಟ್ರು ಇರಲಿ. ಮೂಳೆಗೀಳೆ ಎಲ್ಲ ಕೊಟ್ಟಿಗೆ ಅಟ್ಟಕ್ಕೆ ಹೋಗ್ಲಿ, ದೇವರ ಗೋಡೆ ಹತ್ರ ಬೇಡ" ಅಂತ ಒಳಗೆ ನಡೆದಳು.

ಅವರು ಉಳಿದರು. ನಾನು ಊರ ಶಾಲೆ ಮುಗಿಸುವ ತನಕವೂ ಇದ್ದರು, ಆಮೇಲೆ ಅವರ ಕಡೆಗೇ ವರ್ಗವಾಗಿ ಹೋದರು. ಅಜ್ಜಿ ಮಾತ್ರ ಕೊನೆಯವರೆಗೂ ಸಾರು ಕಳಿಸುವುದನ್ನೂ ಬಿಡಲಿಲ್ಲ, ವಾಸನೆ ನೋಡಿಸುವುದನ್ನೂ ಬಿಡಲಿಲ್ಲ. ನಾನೀಗ ಚಳ್ಳಕೆರೆಯಲ್ಲಿ ಅಪ್ಪನ ವ್ಯಾಪಾರವನ್ನೇ ನಡೆಸುತ್ತೇನೆ. ಯಾರೇ ಚೀಲ ತಂದು ಒಳ್ಳೆ ಮಾಲು ಅಂದರೂ ಕೈ ಹಾಕಿ ತಳದಿಂದ ಶೇಂಗಾ ತೆಗೆದು ಒಡೆದು ನೋಡದೆ ಹೂಂ ಅನ್ನುವುದಿಲ್ಲ. ಬೈದುಕೊಳ್ಳುವವರು ಬೈದುಕೊಳ್ಳಲಿ.

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮೊಳಕಾಲ್ಮೂರಿಗೆ ಹೋಗಿ, ಕೇಳಿಕೊಂಡು ಮನೆ ಹುಡುಕಿದೆ. ಅವರ ತಂಗಿ ಬಾಗಿಲನ್ನು ಅರ್ಧ ತೆರೆದು, ಯಾರು, ಯಾವೂರು, ಎಷ್ಟನೇ ಕ್ಲಾಸಿಗೆ ಪಾಠ ಹೇಳಿದ್ದು ಅಂತೆಲ್ಲ ವಿಚಾರಿಸಿದ ಮೇಲೆ ಒಳಗೆ ಬಿಟ್ಟಳು. ಅಡುಗೆಮನೆಯಿಂದ ಮಾಂಸದ ಸಾರಿನ ವಾಸನೆ ಬರುತ್ತಿತ್ತು. ನನ್ನ ಮೂಗು ತಾನಾಗಿ ಮೇಲೆದ್ದಿತು.

"ಅಣ್ಣಂಗೆ ಇದು ಅಂದ್ರೆ ಪ್ರಾಣ" ಅಂದಳು ಆಕೆ. "ನಿಮ್ಮೂರಾಗೆ ಮುಟ್ಟುತಿರಲಿಲ್ಲಂತೆ. ರಜಕ್ಕೆ ಬಂದ್ರೆ ಬಿಡ್ತಿರಲಿಲ್ಲ."

ಅಬ್ಬಾ ಅಜ್ಜಿ, ನಿನ್ನ ಅನುಮಾನ ಪೂರಾ ಸುಳ್ಳಲ್ಲ! ಅಂದುಕೊಂಡೆ. ವಿಭೂತಿಗೆ ಅವರು ಕೈ ಚಾಚದೆ ಇದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು. ಕೋಣೆ ಹೋದರೂ ಸರಿ, ಸುಳ್ಳು ಆಣೆ ಮಾಡುವ ಮನುಷ್ಯ ಅವರಲ್ಲ.

ಆಕೆ ಮಾತಾಡುತ್ತಲೇ ನಡುಮನೆಯಲ್ಲಿದ್ದ, ರೇಷ್ಮೆ ಸೀರೆ ನೇಯುವ ಗುಂಡಿ ಮಗ್ಗಕ್ಕೆ ಇಳಿದು ಕೂತಳು. ರೇಷ್ಮೆಯ ಎಳೆಯೊಂದು ಹರಿದಿತ್ತು. ಗಂಟು ಹಾಕಿ, ಉಳಿದ ತುದಿಯನ್ನು ಮುಂದಿನ ಹಲ್ಲಿಗೆ ಕೊಟ್ಟು ಕಟ್ಟೆಂದು ಕಡಿದಳು. ನನ್ನ ಕಡೆ ನೋಡಿ ನಕ್ಕಳು. ಮೇಲಿನ ಮುಂದಿನ ಎರಡು ಹಲ್ಲಿನ ತುದಿಯಲ್ಲಿ, ಸರಿಯಾಗಿ ನಡುವೆ, ಎಳೆ ಕೂರುವಷ್ಟು ಆಳದ ಕಚ್ಚು ಬಿದ್ದಿತ್ತು.

"ಮೇಷ್ಟ್ರೂ ಮಗ್ಗಕ್ಕೆ ಕೂತಿದ್ರಾ?" ಅಂತ ಕೇಳಿದೆ. "ಚಿಕ್ಕಂದಿನಿಂದ ಎಳೆ ಕಡಿದು ಕಡಿದು ಕಚ್ಚು ಬಿದ್ದು, ಆಮೇಲೆ ಮುರಿದು ಹೋದ್ವು. ಹೌದಲ್ಲವಾ?"

ಆಕೆ ಕೈ ನಿಲ್ಲಿಸಿದಳು. "ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಿಮ್ಮ ಹಲ್ಲು ನೋಡಿದೆ."

ಆಕೆ ಮಗ್ಗದಿಂದ ಎದ್ದು ಒಳಗೆ ಹೋದಳು. ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ಕರಡಿಯ ತಲೆಬುರುಡೆ ತಂದು ನನ್ನ ಮಡಿಲಿಗೆ ಇಟ್ಟಳು.

"ಹಲ್ಲಿನ ವಿಷ್ಯ ನೋಡಿ ಹೇಳ್ದೋರಿಗೆ ಇದನ್ನ ಕೊಡು, ಕೇಳ್ಕಂಡು ಬಂದು ಹೇಳ್ದೋರಿಗೆ ಕೊಡಬೇಡ ಅಂದಿದ್ದ ಅಣ್ಣ. ಎಷ್ಟು ದಿನ ದಾರಿ ನೋಡಿದ್ನೋ."

ಬಸ್ಸಿನಲ್ಲಿ ಚಳ್ಳಕೆರೆ ತನಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತೆ. ಪಕ್ಕದ ಸೀಟಿನ ಹೆಂಗಸು ಗಂಟಿನ ಕಡೆ ಅನುಮಾನದಿಂದ ನೋಡುತ್ತ ಕಿಟಕಿಗೆ ಸರಿದು ಕೂತಳು. ಬುರುಡೆ ಈಗ ನಮ್ಮೂರ ಮನೆಯಲ್ಲಿದೆ. ಅಜ್ಜಿ ಹೇಳಿದಂತೆ ದೇವರ ಗೋಡೆಗೆ ದೂರವಾಗಿ, ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೇನೆ.